ಇನ್ನೂ ಒಂದು ವರ್ಷ ಬೇಕ್ರಿ

"ಹುಡುಗ ಯಾವ ದೇಶದಾಗ ಇರತಾನ್ರಿ?"

ಪ್ರಸಾದ ಹೀಗೆ ಕೇಳಿದ್ದರಲ್ಲಿ ತಮಾಷೆಯೇನೂ ಇರಲಿಲ್ಲ. ಧಾರವಾಡದ ಸುಭಾಸ ರೋಡಿನಲ್ಲಿ, ಚಪ್ಪಲಿ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಅವನ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಅಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಗಲ್ಫಿಗೆ ಹೊರಟ ನರ್ಸುಗಳು, ಇನ್ನರ್ಧ ಫಾರಿನ್ ವರನಿಗೆ ಗೊತ್ತಾದವರು. ಎದುರಿಗೆ ಕೂತವಳಲ್ಲಿ ನರ್ಸುಗಳ ಅವಸರ ಕಾಣಲಿಲ್ಲ. ವರನೇ ಇರಬೇಕು ಅಂದುಕೊಂಡ.

ಅವಳು ನಕ್ಕಳು. ಬಿಳಿ ಖಾದಿ ಸೀರೆ, ಹಣೆಯ ತುಂಬ ವಿಭೂತಿ, ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ. ಬಲಗೆನ್ನೆ ಆ ನಗುವಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು.

"ಹುಡುಗ ಎಲ್ಲೂ ಇಲ್ರಿ ಸರ್. ನಾ ಕೇನ್ಯಾಕ್ಕ ಹೊಂಟೇನಿ. ಕೆಲಸದ ಮ್ಯಾಲೆ."

"ನರ್ಸ್ ಏನ್ರಿ?"

"ಅಲ್ರಿ. ಧರ್ಮ ಹೇಳಾಕ."

ಪ್ರಸಾದ ಪೆನ್ನು ಕೆಳಗಿಟ್ಟ. "ಯಾರಿಗೆ?"

"ಕೇಳೋರಿಗೆ," ಅಂದಳು ಅವಳು. ಆಮೇಲೆ ಅವನ ಮುಖ ನೋಡಿ, "ನಿಮಗ ಹೇಳೂದಿಲ್ಲ, ಹೆದರಬ್ಯಾಡ್ರಿ," ಅಂತ ಸೇರಿಸಿದಳು.

ಅವಳ ಹೆಸರು ದಾಕ್ಷಾಯಿಣಿ. ಗರಗದವಳು. ಅಪ್ಪ ಮಡಿವಾಳಪ್ಪ ಅಲ್ಲಿಯ ಖಾದಿ ಕೇಂದ್ರದಲ್ಲಿ ಮಗ್ಗದ ಮುಂದೆ ಕೂತೇ ಆಯುಷ್ಯ ಕಳೆದವನು. ದಾಕ್ಷಾಯಿಣಿ ಬಿ.ಎಡ್. ಮುಗಿಸಿ, ಕನ್ನಡ ಸಾಲಿಯಲ್ಲಿ ಪಾಠ ಹೇಳಿ, ಈಗ ನವನಗರದ 'ಶರಣ ಬೆಳಕು' ಎಂಬ ಸಣ್ಣ ಟ್ರಸ್ಟಿನಲ್ಲಿ ಪ್ರಚಾರಕಿಯಾಗಿದ್ದಳು. ಕೇನ್ಯಾದ ಕಿಸುಮು ಎಂಬ ಊರಿನಲ್ಲಿ ಆ ಟ್ರಸ್ಟಿನದೊಂದು ಕೇಂದ್ರ, ಒಂದು ಸಾಲಿ. ಜೂನ್ ತಿಂಗಳಲ್ಲಿ ಅವಳನ್ನು ಅಲ್ಲಿಗೆ ಕಳಿಸುವವರಿದ್ದರು. ಇಂಗ್ಲಿಷ್ ಅಷ್ಟರೊಳಗೆ ಬರಬೇಕಿತ್ತು.

ಪ್ರಸಾದನೂ ಲಿಂಗವಂತರ ಮನೆಯವನೇ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವರದು ಅಜ್ಜನ ಕಾಲದ ಅರಿವೆ ಅಂಗಡಿ. ಅಣ್ಣ ಅಂಗಡಿ ನೋಡಿಕೊಂಡ. ತಮ್ಮನಾದ ಪ್ರಸಾದ, ಗಾದಿಯ ಮೇಲೆ ಕೂತು ಕಟಪೀಸು ಹರಿಯಲಾರೆನೆಂದು ಧಾರವಾಡಕ್ಕೆ ಬಂದು ಇಂಗ್ಲಿಷ್ ಹೇಳತೊಡಗಿದ. ಕಾಲೇಜಿನಲ್ಲಿದ್ದಾಗ ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟವನು ಮತ್ತೆ ಕಟ್ಟಿಕೊಂಡಿರಲಿಲ್ಲ. ಅವ್ವ ಅತ್ತಳು, ಬೈದಳು, ಆಮೇಲೆ ಬಿಟ್ಟಳು. ಮದುವೆಯ ವಿಷಯದಲ್ಲೂ ಹಾಗೇ ಆಯಿತು. ಮೂವತ್ತು ದಾಟಿದ ಮೇಲೆ ಮನೆಯಲ್ಲಿ ಯಾರೂ ಆ ಮಾತು ತೆಗೆಯುತ್ತಿರಲಿಲ್ಲ.

ದಾಕ್ಷಾಯಿಣಿಗೆ ವ್ಯಾಕರಣ ಬೇಗ ಹತ್ತಿತು. ಉಚ್ಚಾರ ಹತ್ತಲಿಲ್ಲ. 'ವೆರಿ ವೆಲ್' ಅನ್ನುವಾಗ ಎರಡೂ ಒಂದೇ ಥರ ಕೇಳುತ್ತಿತ್ತು.

"ಮೊದಲನೇದಕ್ಕ ಹಲ್ಲು ಕೆಳಗಿನ ತುಟಿಗೆ ತಾಗಬೇಕ್ರಿ. ಎರಡನೇದಕ್ಕ ತುಟಿ ದುಂಡಗ ಆಗಬೇಕು. ಸೀಟಿ ಹೊಡದಂಗ. ನೋಡ್ರಿ, ಹಿಂಗ."

ಅವಳು ಪ್ರಯತ್ನ ಮಾಡಿದಳು. ಅವನು ಕೇಳಿದ. ಇನ್ನೊಮ್ಮೆ ಅಂದ. ಅವಳು ಮತ್ತೆ ಮಾಡಿದಳು. ಅವನು ಮತ್ತೊಮ್ಮೆ ಅನ್ನಿಸಿದ.

"ಸರ್, ನೀವು ಕಿವಿಲೆ ಕೇಳಿ ಕಲಸ್ತೀರೋ, ಕಣ್ಣಿಲೆ ನೋಡಿ ಕಲಸ್ತೀರೋ?"

ಹಿಂದಿನ ಬೆಂಚಿನ ನರ್ಸುಗಳು ಕಿಸಕ್ಕೆಂದರು. ಪ್ರಸಾದ ಬೋರ್ಡಿನ ಕಡೆ ತಿರುಗಿ, ಅಳಿಸಬೇಕಾದದ್ದು ಏನೂ ಇಲ್ಲದಿದ್ದರೂ ಡಸ್ಟರ್ ತಗೊಂಡು ಅಳಿಸಿದ. ಕಿವಿ ಕೆಂಪಗಾಗಿದ್ದು ಹಿಂದಿನಿಂದಲೂ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಕಂಡಿತು.

ಸಂಜೆ ಕ್ಲಾಸು ಬಿಟ್ಟ ಮೇಲೆ ಇಬ್ಬರದೂ ಒಂದೇ ದಾರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅವಳು ನವನಗರಕ್ಕೆ ಇಳಿಯಬೇಕು, ಅವನು ಹುಬ್ಬಳ್ಳಿಯ ತನಕ ಹೋಗಬೇಕು. ಮೊದಮೊದಲು ಅವನು ಬೇಕಂತಲೇ ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹತ್ತುತ್ತಿದ್ದ, ಮಂದಿ ಏನಾದರೂ ಅಂದಾರೆಂದು. ಆಮೇಲೆ ಬೇಕಂತಲೇ ಅವಳ ಬಸ್ಸಿಗೇ ಹತ್ತತೊಡಗಿದ. ಅವಳು ಪಕ್ಕದ ಸೀಟಿನಿಂದ ಬ್ಯಾಗು ತೆಗೆಯುತ್ತಿದ್ದ ರೀತಿಯಲ್ಲೇ ಒಂದು ಮಾತಿತ್ತು: ಬಂದಿರಾ, ಕೂಡ್ರಿ.

ಒಂದು ದಿನ ಅವನು ಕೇಳಿಯೇಬಿಟ್ಟ. "ಇಲ್ಲೆ ಏನ ಕಡಿಮಿ ಬಿದ್ದೈತಿ? ಧರ್ಮ ಹೇಳಾಕ ಅಷ್ಟ ದೂರ ಯಾಕ ಹೋಗಬೇಕು?"

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ನಮ್ಮವ್ವ ನಾಲ್ಕ ಮಂದಿ ಗಂಡಸರ ಮುಂದ ಇವತ್ತಿಗೂ ಬಾಯಿ ತಗಿಯೂದಿಲ್ರಿ ಸರ್. ನಾನೂ ಹಂಗ ಇದ್ದೆ. ಸಾಲ್ಯಾಗ ಇದ್ದಾಗ ಶರಣವ್ವ ಅಮ್ಮಾರು ನಮ್ಮೂರಿಗೆ ಬಂದಿದ್ರು. ಒಂಬೈನೂರು ವರ್ಷದ ಹಿಂದ ಹೆಣ್ಣಮಕ್ಕಳು ತುಂಬಿದ ಸಭಾದಾಗ ಎದ್ದ ನಿಂತು ಪ್ರಶ್ನೆ ಕೇಳ್ಯಾರ, ನೀ ಯಾಕ ತಲಿ ಕೆಳಗ ಹಾಕ್ಕೊಂಡಿ, ಅಂತ ನನ್ನ ಕೇಳಿದ್ರು. ಅವತ್ತ ತಲಿ ಎತ್ತಿದಾಕಿ ಇನ್ನ ಇಳಿಸಿಲ್ಲ. ಇಷ್ಟ ಛಲೋ ಸುದ್ದಿ ನನಗ ಸಿಕ್ಕೈತಿ. ಇದನ್ನ ಒಮ್ಮೆನೂ ಕೇಳದಿದ್ದೋರಿಗೆ ಹೇಳಬೇಕು ಅನಸ್ತೇತಿ. ನಮ್ಮವರಿಗೆ ಹೇಳಿದ್ರ 'ಗೊತ್ತೈತಿ' ಅಂತಾರ. ಗೊತ್ತಿದ್ದೋರಂಗ ಇರೂದಿಲ್ಲ."

ಕೊನೆಯ ಮಾತು ಹೇಳುವಾಗ ಅವನ ಖಾಲಿ ಕೊರಳಿನ ಕಡೆ ಒಂದು ಓರೆನೋಟ ಬಿದ್ದು ಹೋಯಿತು. ಪ್ರಸಾದ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಅವಳ ಎಡಗೆನ್ನೆಯಲ್ಲಿ ಗುಳಿ ಬಿತ್ತು.

ಅವನಿಗೆ ದೇವರ ಮೇಲೆ ನಂಬಿಕೆ ಬರಲಿಲ್ಲ. ಆದರೆ ಹೀಗೆ ನಂಬುವವಳ ಪಕ್ಕ ಕೂತರೆ ಬಸ್ಸಿನ ಗಾಳಿಯೂ ಬೇರೆಯಾಗುತ್ತದೆ ಎಂಬಷ್ಟು ನಂಬಿಕೆಯಾಯಿತು. ಅವಳ ಇಂಗ್ಲಿಷ್ ದಿನದಿನಕ್ಕೆ ಸುಧಾರಿಸುತ್ತಿತ್ತು. ತಾನು ಚೆನ್ನಾಗಿ ಕಲಿಸಿದಷ್ಟೂ ಅವಳು ಹೋಗುವುದು ಖಚಿತವಾಗುತ್ತದೆಂದು ಒಂದು ದಿನ ಹೊಳೆದಾಗ, ಅವನು ಪಾಠದ ನಡುವೆಯೇ ಮಾತು ನಿಲ್ಲಿಸಿ ನೀರು ಕುಡಿದ.

ಯುಗಾದಿ ಮುಗಿದ ಹೊಸತರಲ್ಲಿ ಶರಣವ್ವ ಅವನ ಕ್ಲಾಸಿಗೆ ಬಂದರು. ಟ್ರಸ್ಟಿನ ಹಿರಿಯರು, ಎಲ್ಲರಿಗೂ 'ಅಮ್ಮ'. ಕಿಸುಮುವಿನ ಕೇಂದ್ರ ಕಟ್ಟಿದವರೇ ಅವರು, ಎಷ್ಟೋ ವರ್ಷ ಅಲ್ಲೇ ಇದ್ದು ಬಂದವರು. ಮೆಟ್ಟಿಲು ಹತ್ತಿ ಬಂದ ದಣಿವಿಗೆ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅವನು ತರಿಸಿದ ಚಹಾ ಕುಡಿಯುತ್ತ ಅದೂ ಇದೂ ಕೇಳಿದರು. ಮನೆ ಎಲ್ಲಿ, ಅವ್ವ ಆರಾಮ ಇದ್ದಾಳೇನು, ಲಗ್ನ ಯಾಕೆ ಆಗಿಲ್ಲ, ಊರು ಬಿಟ್ಟು ದೂರ ಇದ್ದು ಗೊತ್ತೇನು. ವಯಸ್ಸಾದವರ ಸಹಜ ಮಾತುಕತೆ ಅಂದುಕೊಂಡು ಪ್ರಸಾದ ಎಲ್ಲದಕ್ಕೂ ಉತ್ತರ ಕೊಟ್ಟ.

ಆಮೇಲೆ ಕೇಳಿದರು: "ನಮ್ಮ ದಾಕ್ಷಾಯಿಣಿ ತಯಾರಾದಳೇನ್ರಿ? ಜೂನಿನ್ಯಾಗ ಕಳಸಬಹುದೇನು?"

ಹೌದು ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಹಿಂದಿನ ದಿನವಷ್ಟೇ ಅವಳು ಕ್ಲಾಸಿನ ಮುಂದೆ ನಿಂತು, ತನ್ನೂರಿನ ನೂಲಿನ ಬಗ್ಗೆ, ತಡವರಿಸದೆ, ಎಲ್ಲರೂ ಪೆನ್ನು ಕೆಳಗಿಟ್ಟು ಕೇಳುವ ಹಾಗೆ ಇಂಗ್ಲಿಷಿನಲ್ಲಿ ಮಾತಾಡಿದ್ದಳು. ಆದರೆ ಜೂನ್ ಅಂದ ಕೂಡಲೆ ಪ್ರಸಾದನ ಕಣ್ಣ ಮುಂದೆ ಬಂದದ್ದು ಚಿಗರಿ ಬಸ್ಸಿನ ಖಾಲಿ ಸೀಟು.

"ಇನ್ನೂ ಒಂದು ವರ್ಷ ಬೇಕ್ರಿ," ಅಂದ.

"ಒಂದು ವರ್ಷ?"

"ಉಚ್ಚಾರ ಇನ್ನೂ ಕೂತಿಲ್ರಿ ಅಮ್ಮಾರ. ಈಗ ಕಳಿಸಿದ್ರ, ಅಲ್ಲೆ ನಿಂತು ಮಾತಾಡಿದ್ರ... ಮಂದಿ ನಗತಾರ್ರಿ."

ಶರಣವ್ವ ಕಪ್ಪು ಕೆಳಗಿಟ್ಟು ಅವನನ್ನು ನೋಡಿದರು. "ಖರೇನ?"

"ಖರೇ ರಿ."

"ಆತು," ಅಂದರು. ಇನ್ನೇನೋ ಕೇಳುವವರಿದ್ದಂತೆ ಒಂದು ಗಳಿಗೆ ಕೂತಿದ್ದು, ಕೇಳದೆ, ಗೋಡೆ ಹಿಡಿದು ಎದ್ದರು. ಕೆಳಗಿನ ತನಕ ಬಿಟ್ಟು ಬರುತ್ತೇನೆಂದು ಅವನು ಮುಂದಾದಾಗ, "ಬ್ಯಾಡ್ರಿ, ನಾ ಇಳೀತೇನಿ," ಅಂದುಬಿಟ್ಟರು.

ಜೂನಿನಲ್ಲಿ ದಾಕ್ಷಾಯಿಣಿಯ ಬದಲಿಗೆ ಬೇರೊಬ್ಬ ಪ್ರಚಾರಕಿ ಹೋದಳು. 'ಮುಂದ ನೋಡೂಣು, ಮಾಸ್ತರರು ಇನ್ನೂ ಟೈಮ್ ಬೇಕಂದ್ರು' ಅಂತಷ್ಟೇ ಶರಣವ್ವ ಅವಳಿಗೆ ಹೇಳಿದರಂತೆ. ಅವತ್ತು ಅವಳು ಬಸ್ಸಿನಲ್ಲಿ ಬ್ಯಾಗು ತೆಗೆಯಲಿಲ್ಲ. ಅವನು ಕಂಬ ಹಿಡಿದು ಎದುರಿಗೇ ನಿಂತ.

"ಸರ್, ನಾ ಮಾತಾಡಿದ್ರ ಮಂದಿ ನಗತಾರೇನ್ರಿ?"

ಪ್ರಸಾದ ತಟ್ಟನೆ ಕೇಳಿದ, "ಯಾರಂದ್ರು?"

"ಯಾರೂ ಅಂದಿಲ್ಲ. ನನಗ ಅನಿಸ್ತು."

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವನು, "ಲಗೂ ಮಾಡಬಾರದ್ರಿ. ಎಲ್ಲಾದಕ್ಕೂ ಟೈಮ್ ಬೇಕು," ಅಂದ. ಅವಳು ತಲೆಯಾಡಿಸಿದಳು. ನವನಗರ ಬಂದಾಗ ಇಳಿದು ಹೋದಳು, ತಿರುಗಿ ನೋಡಲಿಲ್ಲ.

ಮುಂದಿನ ದಿನಗಳಲ್ಲಿ ಪ್ರಸಾದ ಎಣಿಸದಿದ್ದದ್ದೊಂದು ನಡೆಯಿತು. ಕ್ಲಾಸಿನಲ್ಲಿ ಎದ್ದು ನಿಂತರೆ ಸಾಕು, ಅವಳಿಗೆ ಮಾತು ಕಟ್ಟತೊಡಗಿತು. ಗೊತ್ತಿದ್ದ ಶಬ್ದವೂ ಗಂಟಲಲ್ಲೇ ನಿಲ್ಲುತ್ತಿತ್ತು. ಹಲ್ಲು ತುಟಿಗೆ ತಾಗಬೇಕಾದಲ್ಲಿ ತುಟಿ ದುಂಡಗಾಗುತ್ತಿತ್ತು. ಯಾರೂ ನಗದಿದ್ದರೂ ನಕ್ಕರೇನೋ ಎಂದು ಸುತ್ತ ನೋಡುತ್ತಿದ್ದಳು. ಅವನು ಸುಳ್ಳು ಹೇಳಿದ್ದ; ಆ ಸುಳ್ಳನ್ನು ಅವಳು ಈಗ ನಿಜ ಮಾಡುತ್ತಿದ್ದಳು.

ಅವನು ಅವಳನ್ನು ಸಮಾಧಾನ ಮಾಡಿದ. ಕ್ಲಾಸು ಬಿಟ್ಟ ಮೇಲೆ ಬೇರೆ ಕೂಡಿಸಿಕೊಂಡು ಕಲಿಸಿದ. ಮಂಡಕ್ಕಿಯ ಗಿರಮಿಟ್ ಕೊಡಿಸಿದ, ಅವಳು ಮೆಣಸಿನಕಾಯಿ ಬದಿಗೆ ಸರಿಸುವುದನ್ನು ನೋಡಿ, ಮುಂದಿನ ಸಲ ಮೆಣಸಿನಕಾಯಿ ಇಲ್ಲದ್ದು ಹೇಳಿದ. ಅವಳು ಅದನ್ನು ಗಮನಿಸಿ ಒಂದು ಕ್ಷಣ ಅವನನ್ನೇ ನೋಡಿ, ಕಣ್ಣು ತಟ್ಟೆಗಿಳಿಸಿದಳು. ಆ ನೋಟಕ್ಕಾಗಿ ಅವನು ಏನು ಬೇಕಾದರೂ ಕೊಡಬಲ್ಲವನಾಗಿದ್ದ, ನಿಜವೊಂದನ್ನು ಬಿಟ್ಟು. ಅವಳು ಬಾಡಿದ್ದಾಳೆ ಎನ್ನುವುದು ಅವನ ದುಃಖ. ಬಾಡಿದವಳು ತನ್ನ ಕಡೆ ಒರಗುತ್ತಿದ್ದಾಳೆ ಎನ್ನುವುದು ಅವನ ಸುಖ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅವನು ಆ ಮಳೆಗಾಲ ಕಳೆದ.

ಶ್ರಾವಣದ ಒಂದು ಭಾನುವಾರ ಉಣಕಲ್ಲ ಕೆರೆಯ ದಂಡೆಯ ಮೇಲೆ ನಡೆಯುವಾಗ ಹನಿ ಬಿತ್ತು. ಇಬ್ಬರೂ ಮರದ ಕೆಳಗೆ ನಿಂತರು. ಅವಳ ಹಣೆಯ ವಿಭೂತಿ ಒಂದು ಕಡೆ ಹಸಿಯಾಗಿ ಅಳಿಸಿತ್ತು. ಅವನು ಕೈ ಎತ್ತಿದವನು ಮುಟ್ಟದೆ ಇಳಿಸಿದ.

"ವಿಭೂತಿ ಅಳಿಸೇತೇನ್ರಿ?" ಅಂದಳು.

"ಸ್ವಲ್ಪ."

"ಹೇಳಬೇಕೋ ಬ್ಯಾಡೋ?"

"ಹೇಳೂದು ಬ್ಯಾರೆನೇ ಐತಿ," ಅಂದ ಪ್ರಸಾದ. ಜನ್ಮವಿಡೀ ಬೇರೆಯವರ ಬಾಯಿಗೆ ಮಾತು ಕೊಡುತ್ತ ಬಂದವನಿಗೆ ತನ್ನ ಮಾತು ಎರಡೂ ಭಾಷೆಯಲ್ಲಿ ಸಿಗಲಿಲ್ಲ. "ನೀವು... ನೀ ಇಲ್ಲದಿದ್ರ ನನಗ ಆಗೂದಿಲ್ಲ ದಾಕ್ಷಾಯಿಣಿ."

ಅವಳು ಕೆರೆಯ ನೀರು ನೋಡುತ್ತಿದ್ದಳು. ಎಡಗೆನ್ನೆಯಲ್ಲಿ ಗುಳಿ ಮೂಡಿತು, ನಿಧಾನಕ್ಕೆ.

"ನನಗ ಇದು ಗೊತ್ತಿತ್ರಿ. ಡಸ್ಟರ್ ತಗೊಂಡು ಖಾಲಿ ಬೋರ್ಡ್ ಅಳಿಸಿದ್ರಲ್ಲಾ, ಅವತ್ತ ಗೊತ್ತಾತು." ಆಮೇಲೆ ನಗು ತಗ್ಗಿಸಿ, "ನನಗೂ ನಿಮ್ಮ ಮ್ಯಾಲೆ ಮನಸ್ಸೈತಿ. ಆದ್ರ ನಾ ಹೋಗೂದು ಹೋಗತೇನಿ, ಸರ್. ಇವತ್ತಲ್ಲ ನಾಳಿ. ಅದನ್ನ ಬಿಡಂತ ಕೇಳಬ್ಯಾಡ್ರಿ. ನೀವ ಬರತೀರೇನು ನನ್ನ ಕೂಡ?"

"ಎಲ್ಲೆ, ಕಿಸುಮುಕ್ಕ?"

"ಹೂಂ. ಅಲ್ಲೆ ಸಾಲಿಗೆ ಇಂಗ್ಲೀಷ ಹೇಳೋರು ಬೇಕಾಗ್ಯಾರ. ನೀವು ದೇವರನ್ನ ನಂಬ್ರಿ ಬಿಡ್ರಿ, ಅದು ನಿಮಗ ಬಿಟ್ಟದ್ದು. ಮಕ್ಕಳಿಗೆ ಅಕ್ಷರ ಹೇಳೂದು ನಂಬತೀರಲ್ಲ?"

ಅಷ್ಟು ಸುಲಭವಿದ್ದೀತೆಂದು ಪ್ರಸಾದನಿಗೆ ಯಾವತ್ತೂ ಹೊಳೆದಿರಲಿಲ್ಲ. ಅವಳನ್ನು ನಿಲ್ಲಿಸಿಕೊಳ್ಳುವುದರ ಬಗ್ಗೆಯೇ ಯೋಚಿಸಿದ್ದನೇ ಹೊರತು, ತಾನೂ ಹೋಗಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. "ಬರತೇನಿ," ಅಂದ. ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು; ಅದು ನಿಜವಾಗಿತ್ತು. ಅವಳು ಮೊದಲ ಸಲ ಅವನ ಕೈ ಹಿಡಿದಳು. ಮಳೆಯಲ್ಲಿ ತೊಯ್ದ ಆ ಕೈ ಬೆಚ್ಚಗಿತ್ತು.

"ಇವತ್ತ ಅಮ್ಮಾರಿಗೆ ಹೇಳತೇನಿ," ಅಂದಳು.

ಮುಂದಿನ ಎರಡು ದಿನ ಅವಳು ಕ್ಲಾಸಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಕ್ಲಾಸು ಇಲ್ಲದ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಬಂದಳು. ಯಾವಾಗಿನ ಬೆಂಚಿನ ಮೇಲೆ ಕೂಡದೆ ಬಾಗಿಲ ಹತ್ತಿರವೇ ನಿಂತಳು.

"ಸರ್, ಒಂದ ಮಾತ ಕೇಳತೇನಿ. ಅವತ್ತ ಅಮ್ಮಾರು ಇಲ್ಲಿಗೆ ಬಂದಾಗ ನೀವು ನನ್ನ ಬಗ್ಗೆ ಏನ ಹೇಳಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ದನಿಯಂತಿತ್ತು. ಯಾವ ಉತ್ತರವನ್ನು ಬೇಡುತ್ತಿದ್ದಾಳೆಂದು ಪ್ರಸಾದನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಅವನಿಗೆ ಕಂಡದ್ದು ಒಂದೇ, ಕೈಗೆ ಬಂದದ್ದು ಜಾರುತ್ತಿದೆ.

"ಛಲೋ ಆಗೇತಿ ಅಂತನ ಹೇಳಿದ್ದೆ. ಕಳಸೂದು ಬಿಡೂದು ಅವರ ವಿಚಾರ."

ಅವಳು ಕಣ್ಣು ಮುಚ್ಚಿ ತೆರೆದಳು.

"'ಮಂದಿ ನಗತಾರ' ಅಂದ್ರಂತ."

ಕೆಳಗಿನ ಚಪ್ಪಲಿ ಅಂಗಡಿಯಲ್ಲಿ ಯಾರೋ ಜೋರಾಗಿ ಚೌಕಾಶಿ ಮಾಡುತ್ತಿದ್ದರು.

"ಅವತ್ತ ಅಮ್ಮಾರು ನನ್ನ ಇಂಗ್ಲೀಷ ನೋಡಾಕ ಬಂದಿರಲಿಲ್ರಿ ಸರ್. ಅವರಿಗೆ ನಿಮಗಿಂತ ಛಲೋ ಇಂಗ್ಲೀಷ ಬರತೇತಿ. ಅದರ ಹಿಂದಿನ ವಾರನ ನನ್ನ ಪರೀಕ್ಷಾ ಮಾಡಿ, 'ಪಾಸಾದಿ' ಅಂದಿದ್ರು. ಆದ್ರೂ ಮಾಸ್ತರರು ಟೈಮ್ ಬೇಕಂದ್ರು ಅಂದಾಗ ನಾ ನಿಮ್ಮ ಮಾತ ನಂಬಿದೆ. ಅವತ್ತ ಅವರು ಬಂದದ್ದು ನಿಮ್ಮನ್ನ ನೋಡಾಕ. ನಾನ ಕಳಿಸಿದ್ದೆ. 'ಇಂಥವರ ಮ್ಯಾಲೆ ನನಗ ಮನಸ್ಸೈತಿ, ಅವರೂ ಬಂದ್ರ ಸಾಲಿ ಆಗತೇತಿ, ಸಂಸಾರನೂ ಆಗತೇತಿ, ಒಮ್ಮೆ ನೋಡಿ ಬರ್ರಿ,' ಅಂದಿದ್ದೆ. ನನ್ನ ಬಗ್ಗೆ ಒಂದ ಮಾತ ಕೇಳಿ, ಆಮ್ಯಾಲೆ ನೀವ ಬರತೀರೇನು ಅಂತ ಕೇಳೋರಿದ್ರು. ಮೊದಲನೇ ಮಾತಿಗೇ ನೀವು ಹಂಗ ಅಂದಿರಿ. ಎರಡನೇದು ಅವರು ಕೇಳಲಿಲ್ಲ."

ಪ್ರಸಾದ ಬೆಂಚಿನ ಮೇಲೆ ಕೂತ.

"ದಾಕ್ಷಾಯಿಣಿ, ನೀ ಹೋಗಬಾರದು ಅಂತ... ನಿನ್ನ ಮ್ಯಾಲಿನ ಜೀವದಿಂದ..."

"ಗೊತ್ತೈತಿ. ಅದನ್ನ ಹೇಳಿದ್ರ ಆಗತಿತ್ತಲ್ಲ? 'ಅಕಿ ತಯಾರಾಗ್ಯಾಳ್ರಿ, ಆದ್ರ ಅಕಿನ್ನ ಕಳಸಾಕ ನನಗ ಮನಸ್ಸಿಲ್ಲ' ಅಂದಿದ್ರ, ಅಮ್ಮಾರು ನಕ್ಕೋತ ಬಂದು ನನಗ ಹೇಳತಿದ್ರು. ನೀವು ನನ್ನನ್ನ ಸಣ್ಣಾಕಿ ಮಾಡಿ ಇಟ್ಟಗೋಬೇಕು ಅಂದುಕೊಂಡ್ರಿ."

"ಅವರ್ಯಾಕ ಇಷ್ಟ ದಿನ ನಿನಗ ಹೇಳಲಿಲ್ಲ? ಅವರಿಗೆ ಗೊತ್ತಿತ್ತಲ್ಲ?"

"ನೀವ ಬಂದು ಖರೇ ಹೇಳತೀರೇನೋ ಅಂತ ಕಾದ್ರಂತ, ಅದಕ್ಕ ನನ್ನೂ ಕಳಸದ ನಿಲ್ಲಿಸಿದ್ರಂತ. ಅವರ ಮ್ಯಾಲೂ ನನಗ ಸಿಟ್ಟೈತಿ. ಇಬ್ಬರೂ ಕೂಡಿ ನನಗ ಗೊತ್ತಿಲ್ಲದಂಗ ನನ್ನ ತೂಕ ಮಾಡಿದ್ರಿ." ಅವಳ ದನಿ ಈಗ ಒಡೆಯಿತು. "ಮನ್ನೆ ಕೆರಿ ದಂಡ್ಯಾಗೂ ಹೇಳಲಿಲ್ಲ. ಈಗ ಕೇಳಿದೆ, ಈಗೂ ಸುಳ್ಳ ಹೇಳಿದ್ರಿ. ಈ ಎರಡ ತಿಂಗಳು ನಾ ಬಾಯಿ ತಗಿಯಾಕ ಹೆದರಿದ್ದು ನೋಡಿದ್ರಿ. ನನ್ನ ಸಮಾಧಾನ ಮಾಡಿದ್ರಿ. ಅದ ಬಾಯಿಲೆ."

ಅವನು ಕ್ಷಮಿಸು ಅಂದ. ಲಿಂಗ ಕಟ್ಟಿಕೊಳ್ಳುತ್ತೇನೆ ಅಂದ, ನಾಳೆಯೇ ಅಮ್ಮನವರ ಕಾಲು ಹಿಡಿಯುತ್ತೇನೆ ಅಂದ, ಎಲ್ಲಿಗೆಂದರೆ ಅಲ್ಲಿಗೆ ಬರುತ್ತೇನೆ ಅಂದ.

"ನಿಮ್ಮನ್ನ ನಂಬಿ ಸಮುದ್ರ ದಾಟಬೇಕಲ್ರಿ ನಾ," ಅಂದಳು ದಾಕ್ಷಾಯಿಣಿ. "ಅದು ಹ್ಯಾಂಗಾಗಬೇಕು?"

ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದಳು. ಹಿಂದೆ ಹೋಗಬೇಕೆಂದು ಎದ್ದವನು ಬಾಗಿಲಲ್ಲೇ ನಿಂತ.

ದಸರೆ ಮುಗಿದ ಮೇಲೆ ಅವಳು ಹೊರಟುಹೋದಳೆಂದು ಕ್ಲಾಸಿನ ನರ್ಸೊಬ್ಬಳಿಂದ ತಿಳಿಯಿತು. ಮರುದಿನ ಪ್ರಸಾದ ಗರಗದ ಬಸ್ಸು ಹತ್ತಿದ. ಯಾಕೆ ಹೊರಟನೆಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವಳ ಮನೆಯವರು ಬೈಯಲಿ ಎಂದಿತ್ತೇನೋ. ಅಪ್ಪನಾದವನು ಅಂಗಳದಲ್ಲಿ ನಿಲ್ಲಿಸಿ ನಾಲ್ಕು ಮಾತು ಒರಟಾಗಿ ಅಂದರೆ, ಎದೆಯ ಮೇಲಿನ ಭಾರ ಒಂದಿಷ್ಟಾದರೂ ಇಳಿದೀತು ಎಂಬ ಆಸೆ.

ಹೆಸರು ಹೇಳಿದ್ದೇ ತಡ, ಮಡಿವಾಳಪ್ಪ ಎರಡೂ ಕೈ ಜೋಡಿಸಿದ.

"ಪ್ರಸಾದ ಸರ್ ಏನ್ರಿ! ಬರ್ರಿ, ಬರ್ರಿ. ಏ ಇವಳ, ಸರ್ ಬಂದಾರ ನೋಡು, ನಮ್ಮ ದಾಕ್ಷಾಯಿಣಿಗೆ ಇಂಗ್ಲೀಷ ಕಲಿಸಿದವರು! ಚಹಾ ಇಡು."

ಕಂಬಳಿ ಹಾಸಿ ಕೂಡಿಸಿದರು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಅವಲಕ್ಕಿ, ಚಹಾ ತಂದಿಟ್ಟಳು. ಮಗಳು ಯಾರಿಗೂ ಏನೂ ಹೇಳಿರಲಿಲ್ಲ. ನವನಗರದ ಅಮ್ಮನವರೂ ಹೇಳಿರಲಿಲ್ಲ. ಮಡಿವಾಳಪ್ಪನ ಕಣ್ಣಲ್ಲಿ ನೀರಾಡಿತು.

"ನೇಕಾರನ ಮಗಳ್ರಿ. ನಮ್ಮ ವಂಶದಾಗ ಯಾರೂ ಮುಂಬೈ ನೋಡಿಲ್ಲ. ಇಕಿ ಸೀದಾ ಸಮುದ್ರ ದಾಟಿದ್ಲು. ಎಲ್ಲಾ ನಿಮ್ಮ ಪುಣ್ಯಾ."

ನಾನು ಅಂಥವನಲ್ಲ ಅನ್ನಬೇಕೆಂದು ಪ್ರಸಾದ ಬಾಯಿ ತೆರೆಯುವಷ್ಟರಲ್ಲಿ ಮಡಿವಾಳಪ್ಪನ ಫೋನು ರಿಂಗಾಯಿತು. ಮಗಳದ್ದೇ. ಮುಟ್ಟಿದಳಂತೆ, ಆರಾಮ ಇದ್ದಾಳಂತೆ, ಊಟವಾಯಿತಂತೆ. ಅಪ್ಪ ಸ್ಪೀಕರಿಗೆ ಹಾಕಿ, ಕೂಗಿ ಕೂಗಿ ಮಾತಾಡಿದ. ಆಮೇಲೆ, "ಯಾರ ಬಂದಾರ ಹೇಳು ನೋಡೂಣು! ನಿಮ್ಮ ಸರ್! ಇಬ್ಬರೂ ಇಂಗ್ಲೀಷನ್ಯಾಗ ಮಾತಾಡ್ರಿ ಒಂದೀಟು. ನಾವು ಕೇಳತೇವಿ. ನಮ್ಮ ಕಿವಿ ತಂಪಾಗಲಿ," ಅಂತ ಫೋನನ್ನು ಪ್ರಸಾದನ ಕೈಯಲ್ಲಿಟ್ಟ.

ಆ ಕಡೆಯಿಂದ ಅವಳ ದನಿ ಬಂತು. ಅಲ್ಲಿಂದ ಮುಂದೆ ಇಬ್ಬರೂ ಆಡಿದ್ದೆಲ್ಲ ಇಂಗ್ಲಿಷಿನಲ್ಲೇ.

"ನೀವು ಅಲ್ಲಿಗೆ ಯಾಕೆ ಹೋದಿರಿ?"

"ಗೊತ್ತಿಲ್ಲ. ತಪ್ಪು ಒಪ್ಪಿಕೊಳ್ಳೋಣವೆಂದು ಬಂದೆ. ಇವರು ನನಗೆ ಕೈಮುಗಿಯುತ್ತಿದ್ದಾರೆ."

"ಒಪ್ಪಿಕೊಳ್ಳಬೇಡಿ. ಅಪ್ಪ ನಿಮ್ಮನ್ನು ಒಳ್ಳೆಯವರೆಂದು ನಂಬಿದ್ದಾರೆ. ನಿಮ್ಮ ಮನಸ್ಸು ಹಗುರಾಗಲೆಂದು ಅವರದನ್ನು ಭಾರ ಮಾಡಬೇಡಿ."

ಅವ್ವ ಗಂಡನ ಕಡೆ ನೋಡಿ ಮುಗುಳ್ನಕ್ಕಳು. ಮಡಿವಾಳಪ್ಪ ಬೆರಳು ಬಾಯಿಗಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದ.

"ನನ್ನನ್ನು ಯಾವತ್ತಾದರೂ ಕ್ಷಮಿಸುತ್ತೀಯಾ?" ಅಂದ ಪ್ರಸಾದ. ಮುಖದ ಮೇಲೆ ಮಾಸ್ತರನ ಕಳೆ ಇಟ್ಟುಕೊಂಡೇ ಅನ್ನಬೇಕಿತ್ತು.

"ಇಲ್ಲಿಯ ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಗೊತ್ತಿತ್ತು. ಆದರೂ ಬಾಯಿ ತೆರೆಯುವ ಮೊದಲು ನಡುಗಿದೆ, ನಗುತ್ತಾಳೇನೋ ಅಂತ. ನೀವು ಹೇಳಿದ್ದು ಸುಳ್ಳೆಂದು ನನಗೆ ಗೊತ್ತು. ಆದರೂ ಅದು ನನ್ನ ಜೊತೆ ಇಲ್ಲಿಯ ತನಕ ಬಂದಿದೆ. ಅದು ನನ್ನನ್ನು ಬಿಟ್ಟು ಹೋದ ದಿನ ಕ್ಷಮಿಸಿಯೇನು. ಯಾವತ್ತೆಂದು ಹೇಳಲಾರೆ."

"ದಾಕ್ಷಾಯಿಣಿ—"

"ನಾನು ನಿಮ್ಮನ್ನು ಪ್ರೀತಿಸಿದ್ದೆ. ಅದರಲ್ಲಿ ಸುಳ್ಳಿರಲಿಲ್ಲ. ಇನ್ನು ಮುಂದೆ ನಮ್ಮ ಮನೆಗೆ ಬರಬೇಡಿ. ಕಾಯಬೇಡಿ. ಈಗ ಒಮ್ಮೆ ನಕ್ಕುಬಿಡಿ, ಅವ್ವ ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ."

ಪ್ರಸಾದ ನಕ್ಕ. ಫೋನು ಕಟ್ಟಾಯಿತು.

"ಎಷ್ಟ ಛಂದ ಮಾತಾಡಿದ್ಲಲ್ರಿ!" ಮಡಿವಾಳಪ್ಪನಿಗೆ ಹಿಡಿಸಲಾರದ ಸಂತೋಷ. "ನೀರ ಹರಿದಂಗ! ಏನಂದ್ಲ್ರಿ ಸರ್?"

"ನಿಮ್ಮನ್ನ ಭಾಳ ನೆನಸಾಕತ್ತಾಳ್ರಿ," ಅಂದ ಪ್ರಸಾದ.

ಎದ್ದು ಹೊರಟಾಗ ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ಅವ್ವ ಬಾಗಿಲ ಮರೆಯಿಂದಲೇ ಅಂದಳು, "ಪ್ರತಿ ಐತವಾರ ಫೋನ ಮಾಡತಾಳಂತ್ರಿ. ನೀವೂ ಬರ್ರಿ ಸರ್. ಊಟಕ್ಕ ಬರ್ರಿ."

"ಬರೂದು ಆಗೂದಿಲ್ರಿ, ಅವ್ವಾರ."

"ಯಾಕ್ರಿ? ಅಕಿಗೆ ಇನ್ನೊಂದೀಟು ಕಲಿಸಿದಂಗ ಆಗತೇತಿ," ಅಂದ ಮಡಿವಾಳಪ್ಪ.

"ಅಕಿಗೆ ಇನ್ನ ನನ್ನ ಪಾಠ ಬೇಕಾಗಿಲ್ರಿ."

ಮಡಿವಾಳಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಅದು ಮಗಳ ಹೊಗಳಿಕೆಯೆಂದು ತಿಳಿದು ದೊಡ್ಡದಾಗಿ ನಕ್ಕು, ಓಣಿಯಾಚೆ ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಯಮನಪ್ಪನಿಗೆ ಕೂಗಿ ಹೇಳಿದ, "ಕೇಳಿದೇನಪಾ, ಯಮನಪ್ಪಾ! ನಮ್ಮ ದಾಕ್ಷಾಯಿಣಿಗೆ ಇನ್ನ ಪಾಠ ಬೇಕಾಗಿಲ್ಲಂತ! ಸರ್ ಅನ್ನಾಕತ್ತಾರ, ಸ್ವತಃ ಸರ್!"

ಪ್ರಸಾದ ಬಗ್ಗಿ ಚಪ್ಪಲಿ ಹಾಕಿಕೊಂಡ. ಓಣಿಯ ತುದಿ ಮುಟ್ಟುವ ತನಕ ಆ ಕೂಗು ಮನೆಯಿಂದ ಮನೆಗೆ ದಾಟಿ ಹೋಗುತ್ತಲೇ ಇತ್ತು.